ಕಪುವಾ ಕೋವ್‌ನ ನಾಲ್ಕನೆಯ ಕಂಬ

ಸ್ಯಾನ್ ಪೆಡ್ರೊ
೧೩ ನವೆಂಬರ್ ೨೦೧೯

ಪ್ರೀತಿಯ ಸಲೂದ್ ಅತ್ತೆಗೆ,

ನಿಮ್ಮ ಮೂರು ಕಾಗದಗಳೂ ತಲುಪಿವೆ. ಮೂರಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದಾಳೆ ಎಂದು ಸಿಟ್ಟಾಗಬೇಡಿ. ಕೆಲಸ ಜಾಸ್ತಿಯಿತ್ತು ಎಂದು ಬರೆದು ಹೊಡೆದುಹಾಕಿದೆ. ಕೆಲಸ ಎಂದಿನಷ್ಟೇ ಇತ್ತು. ಕಾಗದ ಮುಂದಿಟ್ಟುಕೊಂಡರೆ ನಿಮ್ಮ ಹೆಸರು ಬರೆದ ಮೇಲೆ ಮುಂದಕ್ಕೆ ಕೈ ಓಡುತ್ತಿರಲಿಲ್ಲ, ಅಷ್ಟೆ.

ಉಸಿರಾಟ ಹೇಗಿದೆ? ಆಮ್ಲಜನಕದ ಕೊಳವೆಯನ್ನು ಮೂಗಿಗೆ ಸಿಕ್ಕಿಸಿಕೊಂಡೇ ಹಾಗಲದ ಬಳ್ಳಿಗೆ ನೀರು ಬಿಡುತ್ತೀರಂತೆ. "ಅವ್ರಿಗೆ ಹೇಳಿ ಏನು ಉಪಯೋಗ? ಬಕ್ಲಿಗ್ ಮನೆಯವರ ತಲೆ, ಬಡಿದ್ರೆ ಸುತ್ತಿಗೆ ಮುರೀಬೇಕು" ಎಂದು ಅಮ್ಮ ಗೊಣಗಿದಳು. ನೀವು ಕಳಿಸಿದ ಉಪ್ಪುಮೀನಿನ ಗೊಜ್ಜಿನ ಜಾಡಿ ಒಡೆಯದೆ ಬಂತು. ಅಂಚೆಯವನು ಪೊಟ್ಟಣವನ್ನು ತೋಳುದ್ದ ದೂರ ಹಿಡಿದುಕೊಂಡು, "ಒಳಗೆ ಯಾರಾದ್ರೂ ಸತ್ತಿದಾರಾ?" ಎಂದು ಕೇಳಿದ. ಸ್ಟಾಕ್‌ಟನ್‌ನಿಂದ ಇಲ್ಲಿಯವರೆಗೆ ಅದರ ಜೊತೆಯೇ ಪ್ರಯಾಣ ಮಾಡಿದವನ ಹಾಗಿತ್ತು ಅವನ ಮುಖ.

ಮೂರು ಕಾಗದಗಳಲ್ಲೂ ನೀವು ಕೇಳಿದ್ದು ಒಂದೇ ಮಾತು: ಅಪ್ಪನ ಕಂಬ ಬಂತಾ, ಬುಡದಲ್ಲಿ ಹೆಸರು ನೋಡಿದೆಯಾ? ಅಜ್ಜನ ಕಂಬ ಬಂತು ಅತ್ತೆ. ನಾಲ್ಕೂ ಬಂದವು.

ಫಾಂಟಾನಾದ ಹಳೆಯ ಕೊಟ್ಟಿಗೆಯೊಂದನ್ನು ಖಾಲಿ ಮಾಡುವಾಗ ಸಿಕ್ಕಿದವಂತೆ. ಕಪುವಾ ಕೋವ್ ಹೋಟೆಲನ್ನು ಎಂಬತ್ತೇಳರಲ್ಲಿ ಕೆಡವಿದಾಗ ಯಾರೋ ಹೊತ್ತೊಯ್ದು ಅಲ್ಲಿ ಮಲಗಿಸಿದ್ದರು. ಮೂವತ್ತೆರಡು ವರ್ಷ ಸೋರುವ ಸೂರಿನ ಕೆಳಗೆ ಬಿದ್ದಿದ್ದವು. ಲಾರಿಯಿಂದ ಇಳಿಸಿದಾಗ ಇಲಿಯ ಗೂಡು, ಪಾರಿವಾಳದ ಹಿಕ್ಕೆ, ಅದರಡಿಯಲ್ಲಿ ಹೋಟೆಲು ನಡೆದ ಇಪ್ಪತ್ತೆಂಟು ವರ್ಷದ ಸಿಗರೇಟಿನ ಜಿಡ್ಡು. ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಬಟ್ಟೆ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು.

ನಾಲ್ಕನೆಯದು ಯಾವುದೆಂದು ನೋಡಿದ ಕೂಡಲೇ ತಿಳಿಯಿತು. ಹೆಸರಾಂತ ಶಿಲ್ಪಿ ಮೈಲೋ ಕ್ರಾಂಟ್ಜ್ ಕೆತ್ತಿದ ಮೂರು ದೇವರುಗಳೂ ಬಾಯಿ ತೆರೆದು ಹಲ್ಲು ಕಿರಿದಿವೆ. ಅಜ್ಜನದು ತುಟಿ ಮುಚ್ಚಿಕೊಂಡಿದೆ. ಸಂಗ್ರಾಹಕರೆಲ್ಲ ಅದಕ್ಕೆ 'ಮೌನಿ' ಎಂದು ಹೆಸರಿಟ್ಟಿದ್ದಾರೆ. ಅಷ್ಟು ಹೊತ್ತಿಗೆ ಕ್ರಾಂಟ್ಜ್‌ನ ಕಲೆ ಮಾಗಿತ್ತು ಎಂದು ಒಬ್ಬರು ಲೇಖನವನ್ನೇ ಬರೆದಿದ್ದಾರೆ. ಅರವತ್ತನಾಲ್ಕರಲ್ಲಿ ಅಡುಗೆಮನೆಗೆ ಬೆಂಕಿ ಬಿದ್ದು ಒಂದು ಕಂಬ ಸುಟ್ಟುಹೋಯಿತು, ಮಾಲೀಕನ ಜೊತೆ ಜಗಳವಾಡಿದ್ದ ಕ್ರಾಂಟ್ಜ್ ಮತ್ತೆ ಬರಲಿಲ್ಲ, ಬಾರಿನಲ್ಲಿ ಪಾನೀಯ ಕಲಸುತ್ತಿದ್ದ ಫ್ಲೊರೆಂಟಿನೊ ಬಕ್ಲಿಗ್ ಎಂಬವನು ಎರಡು ತಿಂಗಳು ಬೆಳಗಿನ ಹೊತ್ತು ಹಿತ್ತಲಲ್ಲಿ ಕೂತು ಹೊಸದನ್ನು ಕೆತ್ತಿದ ಎಂಬುದು ಈಗ ಗೊತ್ತಿರುವುದು ನಿಮಗೊಬ್ಬರಿಗೆ. ನಿಮ್ಮಿಂದ ನನಗೆ. ಬುಡದ ಹಿಂಭಾಗದಲ್ಲಿ, ಸಿಮೆಂಟಿನ ಬಳೆಯೊಳಗೆ ಇಳಿಯುವ ಪಟ್ಟಿಯಲ್ಲಿ, ಅಜ್ಜ ತನ್ನ ಹೆಸರು ಕೆತ್ತಿ ಉಳಿಯನ್ನು ಒಂಬತ್ತು ವರ್ಷದ ನಿಮ್ಮ ಕೈಗೆ ಕೊಟ್ಟರು ಎಂದು ನೀವು ಹೇಳಿದಾಗಲೆಲ್ಲ ನಿಮ್ಮ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತಿತ್ತು. ಉಸಿರು ನಿಲ್ಲುವುದರೊಳಗೆ ಆ ಕಂಬದ ಕೆಳಗಿನ ಹಿತ್ತಾಳೆ ಫಲಕದಲ್ಲಿ ಅಪ್ಪನ ಹೆಸರು ಬರಬೇಕು ಎಂದು ಬರೆದಿದ್ದೀರಿ. ಬುಡದ ಹೆಸರೊಂದೇ ಸಾಕ್ಷಿ.

ಹಾರ್ಲನ್ ಪ್ರೂಯಿಟ್‌ರ ಬಳಿ ನಾನು ನಿಜಕ್ಕೂ ಏನು ಮಾಡುತ್ತೇನೆ ಎಂದೂ ಕೇಳಿದ್ದೀರಿ. ಅವರು ಮೊದಲು ದೋಣಿ ಕಟ್ಟುತ್ತಿದ್ದವರು. ಈಗ, ಪೆಸಿಫಿಕ್ ದ್ವೀಪಗಳ ವೇಷ ತೊಟ್ಟು ನಡೆದು ಮುಚ್ಚಿಹೋದ ಟಿಕಿ ಹೋಟೆಲುಗಳ ಸಾಮಾನು ದುರಸ್ತಿ ಮಾಡುತ್ತಾರೆ: ಬಿದಿರಿನ ತಡಿಕೆ, ಚಾಪೆ, ಗಾಜಿನ ಬುರುಡೆ, ದೇವರುಗಳು. ಊದಿಸಿ ಒಣಗಿಸಿದ ಮುಳ್ಳುಮೀನಿನ ಹೊಟ್ಟೆಯಲ್ಲಿ ಬಲ್ಬು ಇಟ್ಟ ದೀಪಗಳು ನನ್ನ ಪಾಲಿಗೆ. ಅವುಗಳ ಬಾಯಿಂದ ಹತ್ತಿಕಡ್ಡಿ ತೂರಿಸಿ ಸತ್ತ ಪತಂಗಗಳನ್ನು ಹೊರಗೆಳೆಯುತ್ತೇನೆ. ಮಾತಾಡಬೇಕಾಗಿಲ್ಲದ ಕೆಲಸ. ಸಾಹಿತ್ಯ ಓದಿ ಪದವಿ ಪಡೆದವಳು ಮೀನಿನ ಬಾಯಿ ಗುಡಿಸುತ್ತಾಳೆ ಎಂದು ಹಾರ್ಲನ್‌ಗೆ ಬಲು ಮೋಜು. "ಏನಂತೆ ಪ್ರೊಫೆಸರ್, ಮೀನು ಇವತ್ತೇನು ಪಾಠ ಮಾಡ್ತು?" ಎಂದು ದಿನವೂ ಕೇಳುತ್ತಾರೆ. ಕೆಟ್ಟವರಲ್ಲ. ನನಗೆ ಮೈ ಸರಿಯಿಲ್ಲದ ದಿನ ಉಳಿ ಕಿತ್ತುಕೊಂಡು ಸೂಪು ಕುಡಿಸುವ ಮನುಷ್ಯ.

ಅವರಿಗೆ ಹೇಳಬೇಕೆಂದು ನಾನು ಹನ್ನೊಂದು ದಿನ 'ನಾಲ್ಕನೆಯದು ನಮ್ಮ ಅಜ್ಜ ಕೆತ್ತಿದ್ದು' ಎಂಬ ಒಂದೇ ವಾಕ್ಯವನ್ನು ಬಸ್ಸಿನಲ್ಲಿ ಅಭ್ಯಾಸ ಮಾಡಿದೆ. ಹನ್ನೆರಡನೆಯ ದಿನ ಬೆಳಿಗ್ಗೆ ಬಾಗಿಲು ತೆರೆದಾಗ ಅವರು ಫೋನಿನಲ್ಲಿದ್ದರು. ಯಾರೋ ಹೆಂಗಸು, ಬೇರೆ ಯಾವುದೋ ಕಂಬ ತನ್ನ ತಾತ ಕೆತ್ತಿದ್ದೆಂದು ಹೇಳುತ್ತಿದ್ದಳಂತೆ. ಫೋನು ಇಟ್ಟು ನನ್ನ ಕಡೆ ತಿರುಗಿ, "ಈ ಕರಾವಳಿಯಲ್ಲಿ ಪ್ರತಿಯೊಬ್ಬರ ತಾತನೂ ಒಂದು ಟಿಕಿ ದೇವ್ರನ್ನ ಕೆತ್ತಿದವನೇ ಕಣೇ. ಹಂಗಾದ್ರೆ ಆ ಹೋಟ್ಲುಗಳಲ್ಲಿ ಪಾತ್ರೆ ತೊಳ್ದೋರು ಯಾರು?" ಎಂದರು. ನಾನು ನಕ್ಕೆ. ನಕ್ಕ ಮೇಲೆ ಆ ವಾಕ್ಯವನ್ನು ಎಲ್ಲಿಡುವುದು?

ಕಂಬಗಳನ್ನು ಕೊಂಡವರು ಡಾಕ್ಟರ್ ಲೀಬರ್, ಹಲ್ಲಿನ ವೈದ್ಯರು. ಮನೆಯ ಗ್ಯಾರೇಜಿನಲ್ಲಿ ಕಪುವಾ ಕೋವ್‌ನ ಜಲಪಾತವನ್ನೇ ಮರಳಿ ಕಟ್ಟುತ್ತಿದ್ದಾರೆ. ಕಳೆದ ತಿಂಗಳು ಬಂದು ಒಂದೊಂದು ಕಂಬದ ಕೆನ್ನೆಯನ್ನೂ ತಟ್ಟಿದರು.

"ಆರು ವರ್ಷದವನಿದ್ದಾಗ ನಮ್ಮಪ್ಪ ಇವ್ರ ಪಕ್ಕದ ಮೇಜಲ್ಲೇ ಕೂರಿಸ್ತಿದ್ದ. ಬಾರಲ್ಲಿ ಕಿಮೊ ಅಂತ ಒಬ್ಬ ಇದ್ದ, ತಾಹಿತಿಯವನು. ಸೀದಾ ದ್ವೀಪದಿಂದ ದೋಣೀಲಿ ಬಂದೋನು. ನನ್ನ ಲೋಟಕ್ಕೆ ಎರಡು ಚೆರಿ ಹಾಕ್ತಿದ್ದ. 'ಒಂದು ನಿಂಗೆ, ಒಂದು ದೇವ್ರಿಗೆ' ಅಂತಿದ್ದ. ದೇವ್ರದ್ದೂ ನಾನೇ ತಿಂತಿದ್ದೆ."

"ಅದಕ್ಕೇ ನೋಡಿ ದೇವ್ರು ಶಾಪ ಕೊಟ್ಟು ನಿಮ್ಮನ್ನ ಜನರ ಬಾಯೊಳಗೆ ಹಾಕಿದ್ದು" ಎಂದರು ಹಾರ್ಲನ್.

ಅತ್ತೆ, ಆ ಕಿಮೊ ಯಾರೆಂದು ನಿಮಗೆ ಗೊತ್ತು. ಮಾಲೀಕ ಅಜ್ಜನ ಅಂಗಿಯ ಜೇಬಿನ ಮೇಲೆ ಹೊಲಿಸಿದ್ದ ಹೆಸರು. ಫಿಲಿಪೀನ್ಸ್‌ನ ಇಲೊಕೋಸ್‌ನಲ್ಲಿ ಹುಟ್ಟಿದವರು ಸಂಜೆ ಐದರಿಂದ ತಾಹಿತಿಯವರಾಗುತ್ತಿದ್ದರು. ಡಾಕ್ಟರರ ಕಣ್ಣು ಒದ್ದೆಯಾಗಿತ್ತು. ನಮ್ಮ ಅಜ್ಜನನ್ನು ಇಷ್ಟು ಅಕ್ಕರೆಯಿಂದ ನೆನೆಯುವ ಪರಕೀಯರೊಬ್ಬರನ್ನು ನಾನು ಮೊದಲ ಸಲ ನೋಡಿದೆ. ಎದ್ದು ನಿಂತೆ. ಅವರು ನನ್ನ ಕಡೆ ತಿರುಗಿ, "ನೀನು ಎಲ್ಲಿಯವಳಮ್ಮಾ?" ಎಂದು ಕೇಳಿದರು.

"ವಿಲ್ಮಿಂಗ್‌ಟನ್."

"ಅದಲ್ಲ, ಮೂಲ?"

"ನಮ್ಮವರು ಫಿಲಿಪೀನ್ಸ್‌ನವರು."

"ಓಹೋ, ಒಳ್ಳೇ ಜನ. ನನ್ನ ಕ್ಲಿನಿಕ್ಕಿನ ಹುಡುಗೀನೂ ಅಲ್ಲಿಯವಳೇ. ಎಷ್ಟು ಕೆಲಸ ಹೇಳಿದ್ರೂ ಒಂದು ಮಾತಾಡಲ್ಲ."

ನಾನು ಕುಳಿತು ಮೀನನ್ನು ಕೈಗೆತ್ತಿಕೊಂಡೆ.

ಈಗ ನೀವು ಕಾಯುತ್ತಿರುವ ವಿಷಯ. ಇಂಥ ಕಂಬಗಳು ವರ್ಷಗಟ್ಟಲೆ ಹೋಟೆಲಿನ ಕೊಳದೊಳಗೆ ನಿಂತು ಬುಡದಿಂದ ಕೊಳೆಯುತ್ತವೆ. ಕೊಳೆತಷ್ಟನ್ನೂ ಗರಗಸದಲ್ಲಿ ಕತ್ತರಿಸಿ, ಉಳಿದದ್ದಕ್ಕೆ ರಾಳ ಕುಡಿಸಿ, ಕಬ್ಬಿಣದ ಪಾದದ ಮೇಲೆ ನಿಲ್ಲಿಸುವುದು ನಮ್ಮ ಪದ್ಧತಿ. ಡಾಕ್ಟರರ ಸೂರಿನ ಎತ್ತರ ಅಳೆದು ನಾಲ್ಕು ಪಾದಗಳನ್ನೂ ಒಂದೇ ಅಳತೆಯಲ್ಲಿ ಮೊದಲೇ ಮಾಡಿಸಿಯಾಗಿತ್ತು. ಕಳೆದ ಗುರುವಾರ ಹಾರ್ಲನ್ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೋದರು. "ನಾಲ್ಕರದ್ದೂ ಐದೈದು ಅಂಗುಲ ಹಾರಿಸಿಬಿಡು. ಒಂದು ಗಿಡ್ಡ ಒಂದು ಉದ್ದ ಮಾಡಿದ್ರೆ ದೇವ್ರುಗಳು ಕುಂಟ್ತವೆ" ಎಂದು ಹೇಳಿ ಹೋದರು. ಕೆಲಸ ನನ್ನ ಪಾಲಿಗೆ ಬಂತು.

ನಾಲ್ಕನೆಯದರ ಬುಡವೂ ಉಳಿದ ಮೂರರ ಹಾಗೆಯೇ ಆಗಿತ್ತು ಅತ್ತೆ. ಬೆರಳು ಒತ್ತಿದರೆ ನೆನೆದ ಬ್ರೆಡ್ಡಿನ ಹಾಗೆ ಒಳಗೆ ಹೋಗುತ್ತಿತ್ತು. ಹೆಸರು ಇದ್ದಿರಬೇಕು, ಓದುವಂತೆ ಉಳಿದಿರಲಿಲ್ಲ. ನೀರು ತಿಂದುಹಾಕಿದೆ. ಇದಕ್ಕೆ ಯಾರನ್ನೂ ದೂರುವಂತಿಲ್ಲ.

ನಿನ್ನೆ ಕಂಬಗಳು ಹೋದವು. ಮೇಣ ಹಚ್ಚಿದ ಮೇಲೆ ನಾಲ್ಕೂ ಚೆನ್ನಾಗಿ ಕಾಣುತ್ತಿದ್ದವು. ಫಲಕಗಳಲ್ಲಿ ಕ್ರಾಂಟ್ಜ್‌ನ ಹೆಸರಿದೆ. ಸಾಗಿಸುವವರು ಅಜ್ಜನ ಕಂಬವನ್ನು ಕೊನೆಗೆ ಹೊತ್ತರು. ಅವರಲ್ಲೊಬ್ಬ, "ಇವನೊಬ್ಬ ಯಾಕೋ ಊಟ ಮಾಡದೇ ಇರೋನ ಥರ ಇದಾನೆ" ಎಂದು ನಕ್ಕ.

ಚಳಿ ಶುರುವಾಗಿದೆ, ಬೆಳಿಗ್ಗೆ ತೋಟಕ್ಕೆ ಇಳಿಯಬೇಡಿ. ಅಮ್ಮ ಕ್ರಿಸ್‌ಮಸ್ಸಿಗೆ ನಿಮ್ಮಲ್ಲಿಗೆ ಬರುತ್ತೇನೆ ಎನ್ನುತ್ತಿದ್ದಾಳೆ. ಹಾಗಲದ ಬೀಜ ಎತ್ತಿಡಿ, ನಮ್ಮ ಮಹಡಿಯ ಕುಂಡದಲ್ಲಿ ಹಾಕಿ ನೋಡುತ್ತೇನೆ. ನಿಮ್ಮ ಎದೆಯಲ್ಲಿ ಉಸಿರು ಸಲೀಸಾಗಿ ಓಡಾಡಲಿ. ನಿಮ್ಮ ಕೈಯನ್ನು ನನ್ನ ಹಣೆಗೆ ಒತ್ತಿಕೊಂಡಿದ್ದೇನೆ, ಎಂದಿನಂತೆ ಹರಸಿ.

ನಿಮ್ಮ ಸೋದರಸೊಸೆ,
ರೊವೇನಾ

ತಾ. ಕ.

೧೬ ನವೆಂಬರ್. ಮೂರು ದಿನದಿಂದ ಇದನ್ನು ಅಂಟಿಸದೆ ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಬುಡದ ವಿಷಯ ಮೇಲೆ ಬರೆದದ್ದು ಸುಳ್ಳು.

ಮೂರು ಕಂಬಗಳು ಕೊಳೆತಿದ್ದವು. ಅಜ್ಜನದು ಕೊಳೆತಿರಲಿಲ್ಲ. ಇಲೊಕೋಸ್‌ನಲ್ಲಿ ಮನೆಗಂಬಗಳಿಗೆ ಬಳಿಯುವ ಹಾಗೆ ಅಜ್ಜ ಬುಡಕ್ಕೆ ದಪ್ಪಗೆ ಡಾಂಬರು ಬಳಿದಿದ್ದರು. ನಾನು ಚಾಕುವಿನಿಂದ ಕೆರೆದೆ. F. BACLIG ಎಂದು ಅಚ್ಚುಕಟ್ಟಾಗಿತ್ತು. ಅದರ ಕೆಳಗೆ SALUD ಎಂದು ನಿಮ್ಮ ಹೆಸರಿನ ಐದು ಅಕ್ಷರ. ಕೊನೆಯದಕ್ಕೆ ಜಾಗ ಸಾಲದೆ ಮೇಲಕ್ಕೆ ಹತ್ತಿಬಿಟ್ಟಿತ್ತು. ಎಷ್ಟು ಆಳವಾಗಿ ಕೆತ್ತಿದ್ದೀರಿ ಅತ್ತೆ, ನನ್ನ ಉಗುರು ಪೂರಾ ಇಳಿಯಿತು.

ಫೋನು ಜೇಬಿನಲ್ಲೇ ಇತ್ತು. ಒಂದು ಚಿತ್ರ ತೆಗೆಯಬಹುದಿತ್ತು. ಬಹಳ ಹೊತ್ತು ಪಕ್ಕದಲ್ಲಿ ಕೂತಿದ್ದೆ. ಡಾಕ್ಟರರಿಗೆ ಹೇಳಬೇಕಾಗುತ್ತದೆ, ನಿಮ್ಮ ಕಿಮೊ ತಾಹಿತಿಯವನಲ್ಲ, ನಿಮ್ಮ ಮೌನಿ ಕ್ರಾಂಟ್ಜ್‌ನದಲ್ಲ ಎಂದು. ಅವರು ನನ್ನನ್ನೇ ದಿಟ್ಟಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ, ನೀನೇ ಕೆತ್ತಿದೆಯಾ ಎಂದೂ ಕೇಳಬಹುದು. ಪಾದಗಳು ಬೇರೆ ಆಗಲೇ ತಯಾರಾಗಿವೆ. ಇಷ್ಟೇ ಯೋಚಿಸಿದ್ದು. ಇದಕ್ಕಿಂತ ದೊಡ್ಡ ಕಾರಣವೊಂದು ಇದ್ದಿದ್ದರೆ ನಿಮಗೆ ಬರೆಯಲು ಸುಲಭವಾಗುತ್ತಿತ್ತು. ಎದ್ದು ಐದು ಅಂಗುಲಕ್ಕೆ ಗೆರೆ ಎಳೆದು ಕತ್ತರಿಸಿದೆ. ಗಟ್ಟಿ ಮರ, ಗರಗಸ ಎರಡು ಸಲ ಸಿಕ್ಕಿಕೊಂಡಿತು. ಕೊಳೆತ ಬುಡಗಳನ್ನು ಬೂಷ್ಟು ಹರಡೀತೆಂದು ಅಂಗಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಇದನ್ನೂ ಅವುಗಳ ಚೀಲಕ್ಕೇ ಹಾಕಿದೆ. ಶುಕ್ರವಾರ ಕಸದ ಲಾರಿ ಬಂತು.

ಸೋಮವಾರ ಹಾರ್ಲನ್ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದರು. ನಾನು ನೆಲ ಗುಡಿಸಿರಲಿಲ್ಲ. ಮೂರು ಕಡೆ ಕಪ್ಪನೆಯ ಹಸಿ ಪುಡಿ, ಒಂದು ಕಡೆ ಹಳದಿ ಒಣ ಪುಡಿ. ಅವರು ಮಂಡಿಯೂರಿ ಹಳದಿ ಪುಡಿಯಿಂದ ಒಂದು ಚಿಟಿಕೆ ಎತ್ತಿ ಮೂಸಿದರು. "ಇದು ಡಾಂಬರು" ಎಂದರು. "ಕ್ರಾಂಟ್ಜ್ ಡಾಂಬರು ಮುಟ್ಟೋನಲ್ಲ. ಇದು ಬೇರೆ ಯಾರದ್ದೋ ಕೈ." ಆಮೇಲೆ ಒಂದೇ ಕಣ್ಣಿನಿಂದ ನನ್ನನ್ನು ನೋಡಿದರು. ಆ ಸಲ ಪ್ರೊಫೆಸರ್ ಎನ್ನಲಿಲ್ಲ. "ರೊವೇನಾ, ಬುಡದಲ್ಲಿ ಏನಾದ್ರೂ ಇತ್ತೇನಮ್ಮಾ? ಇದ್ರೆ ಹೇಳು, ನಾನೇ ಡಾಕ್ಟ್ರ ಹತ್ರ ಮಾತಾಡ್ತೀನಿ. ಫಲಕ ಬದಲಾಯಿಸೋದು ಏನು ಮಹಾ?"

ಅತ್ತೆ, ಅವರು ನಂಬಲು ಸಿದ್ಧರಾಗಿ ನೆಲದ ಮೇಲೆ ಕುಳಿತಿದ್ದರು. ನನ್ನ ಬಾಯಿಂದ ಒಂದು ಹೆಸರು ಬಂದರೆ ಸಾಕಾಗಿತ್ತು.

ನಾನು, "ಏನೂ ಇರಲಿಲ್ಲ" ಎಂದೆ.