ಅರ್ಜಿಯಲ್ಲಿ ಮೂರು ಎಂದು ಬರೆದೆ

ಭಾನುವಾರ, ಆಗಸ್ಟ್ ೧೬

ನನ್ನ ಚಿನ್ನದಂಥ ಮಗಳೇ,

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಅಮ್ಮ ಓದಿ ಮೂಲೆಗೆಸೆದಳು ಎಂದುಕೊಂಡಿರುತ್ತೀ. ಬೈದುಕೋ, ಬೈಸಿಕೊಳ್ಳಬೇಕಾದವಳೇ ನಾನು. ಇಲ್ಲಿ ನಿನ್ನ ತಮ್ಮಂದಿರ ಸಹಾಯಧನದ ಅರ್ಜಿ ನನ್ನ ಪ್ರಾಣ ಹಿಂಡಿಬಿಟ್ಟಿತು. ಹನ್ನೊಂದು ಪುಟ ಕಣೇ! ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಬೆಡ್‌ಶೀಟ್ ಮಡಿಸುವ ಈ ಕೈಗೆ, ಒಂದೊಂದು ಚೌಕದೊಳಗೆ ಒಂದೊಂದು ಅಕ್ಷರ ಕೂರಿಸು ಅಂದರೆ ಹೇಗೆ?

ಮನೆಯಲ್ಲಿ ಎಲ್ಲರೂ ಕ್ಷೇಮ. ಅವಳಿಗಳಿಬ್ಬರಿಗೂ ಕಾಲೇಜು ಸೀಟು ಸಿಕ್ಕ ದಿನ ನಿಮ್ಮಪ್ಪ ತಾವು ನಡೆಸುವ ಲಿಫ್ಟ್ ಹತ್ತಿದವರಿಗೆಲ್ಲ ಸುದ್ದಿ ಹೇಳಿದರಂತೆ. ಐದನೇ ಮಹಡಿಯವರನ್ನು ಏಳಕ್ಕೆ ಕರೆದೊಯ್ದು ಮಾತು ಮುಗಿಸಿದರಂತೆ. ಹತ್ತು ನಿಮಿಷ ಮೊದಲು ಹುಟ್ಟಿದವನು ಮಾತ್ರ ಇನ್ನೂ ಅಣ್ಣನ ಗತ್ತು ಬಿಟ್ಟಿಲ್ಲ.

ಈಗ ನಿನ್ನ ವಿಷಯ. ನರ್ಸಿಂಗ್ ಬೇಡಮ್ಮಾ, ವಾರ್ಡಿಗೆ ಕಾಲಿಟ್ಟ ದಿನ ಊಟ ಸೇರುವುದಿಲ್ಲ, ಬಿಟ್ಟು ಬರುತ್ತೇನೆ ಎಂದು ಬರೆದಿದ್ದೀ. ಬಾ ಎಂದು ಬರೆಯಲು ಕೂತಿದ್ದೆ ಕೂಡ. ಆದರೆ ಅರ್ಜಿಯ ನಾಲ್ಕನೇ ಪುಟದಲ್ಲಿ ಒಂದು ಪ್ರಶ್ನೆಯಿದೆ: ಕುಟುಂಬದಲ್ಲಿ ಕಾಲೇಜು ಓದುತ್ತಿರುವವರು ಎಷ್ಟು ಮಂದಿ?

ಅರ್ಜಿ ತೆಗೆದುಕೊಳ್ಳುವ ಕಚೇರಿಯಲ್ಲಿ ದಪ್ಪ ಕನ್ನಡಕದ ಒಬ್ಬರು ಮೇಡಂ ಇದ್ದಾರೆ. "ಮೂರು ಜನ ಓದ್ತಿದ್ರೆ ಹುಡುಗರಿಬ್ಬರಿಗೂ ಪೂರ್ತಿ ಸಹಾಯ ಬರುತ್ತೆ. ಇಬ್ಬರೇ ಅಂದ್ರೆ ಅರ್ಧ. ಅದ್ರಲ್ಲಿ ಒಬ್ಬನ್ನ ಓದಿಸ್ಬಹುದು ನೋಡಿ" ಅಂದರು.

"ದೊಡ್ಡೋಳು ಬಿಡ್ತೀನಿ ಅಂತಿದಾಳೆ ಮೇಡಂ" ಅಂದೆ.

ಅವರು ಪೆನ್ನು ಕೆಳಗಿಟ್ಟರು. "ನೀವು ಹೇಳಿಲ್ಲ, ನಾನು ಕೇಳಿಸ್ಕೊಂಡಿಲ್ಲ. ಹೋಗಿ ಯೋಚನೆ ಮಾಡಿ ಬನ್ನಿ. ಗುರುವಾರ ಕೊನೇ ದಿನ."

ಇಬ್ಬರಲ್ಲಿ ಯಾರನ್ನು ಮನೆಯಲ್ಲಿ ಕೂರಿಸಲಿ ಹೇಳು? ನಿಮ್ಮಪ್ಪನನ್ನು ಕೇಳಿದರೆ, "ನೀನು ಹೇಗೆ ಹೇಳ್ತೀಯೋ ಹಾಗೆ" ಅಂದು ಪೇಪರ್ ಬಿಡಿಸಿಕೊಂಡರು. ಮೂವತ್ತು ವರ್ಷದಿಂದ ಇದೊಂದು ಮಾತು ಬಾಯಿಪಾಠ ಮಾಡಿಕೊಂಡಿದ್ದಾರೆ, ಪುಣ್ಯಾತ್ಮ. ತಮ್ಮಂದಿರಿಗೆ ನಿನ್ನ ಪತ್ರದ ವಿಷಯ ಹೇಳಿಲ್ಲ. ಗೊತ್ತಾದರೆ ಇಬ್ಬರೂ ನಾನು ಬಿಡುತ್ತೇನೆ, ನಾನು ಬಿಡುತ್ತೇನೆ ಎಂದು ಕಿತ್ತಾಡುತ್ತಾರೆ.

ನಾನು ಮೂರು ಎಂದು ಬರೆದೆ.

ಒಂದೇ ಒಂದು ವರ್ಷ ತಡೆದುಕೋ ಎಂದು ನಿನ್ನ ಮೂಗಿಗೆ ತುಪ್ಪ ಸವರಬಹುದಿತ್ತು. ಆದರೆ ಅರ್ಜಿಯನ್ನು ಪ್ರತಿ ವರ್ಷ ಹೊಸದಾಗಿ ಹಾಕಬೇಕಂತೆ. ಹುಡುಗರದು ಮೂರು ವರ್ಷ, ನಿನ್ನದೂ ಇನ್ನು ಮೂರೇ ವರ್ಷ. ಅಲ್ಲಿಗೆ ನಿನ್ನ ಓದೂ ಮುಗಿದಿರುತ್ತದೆ, ನಿನಗೆ ಬೇಕಿದ್ದರೂ ಬೇಡದಿದ್ದರೂ. ನಿನ್ನನ್ನು ಕಟ್ಟಿಹಾಕುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತು ಕಣೇ. ಬೇರೆ ದಾರಿ ಹುಡುಕಿದೆ, ನನ್ನ ತಲೆಗೆ ಹೊಳೆಯಲಿಲ್ಲ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಓದು ಮುಂದುವರಿಸುತ್ತಿದ್ದೇನೆ ಎಂದು ನೀನೇ ಸಹಿ ಹಾಕಬೇಕಂತೆ. ಎಲ್ಲಿ ಹಾಕಬೇಕೆಂದು ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಈ ತಿಂಗಳೊಳಗೆ ಕಚೇರಿಗೆ ತಲುಪಿಸು.

ಹೊಟ್ಟೆ ತುಂಬ ಊಟ ಮಾಡು. ತಲೆಗೆ ಎಣ್ಣೆ ಹಚ್ಚಿಕೋ. ಎಲ್ಲಿದ್ದರೂ ತಣ್ಣಗಿರು ತಾಯಿ.

ನಿನ್ನ
ಅಮ್ಮ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಅರ್ಜಿ ಕೊಡುವ ಹಿಂದಿನ ದಿನ, ಹಾಳಾಗಿ ಹೋಗಲಿ, ನಿನ್ನನ್ನು ಕರೆದುಕೊಂಡೇ ಬರುತ್ತೇನೆಂದು ಬಸ್ಸು ಹತ್ತಿದ್ದೆ. ನಿನ್ನ ಹಾಸ್ಟೆಲಿನ ಎದುರು ಜೆರಾಕ್ಸ್ ಅಂಗಡಿಯ ಹತ್ತಿರ ನಿಂತಿದ್ದಾಗ ನೀನು ಗೇಟಿನಿಂದ ಹೊರಗೆ ಬಂದೆ. ಎಷ್ಟು ಇಳಿದುಹೋಗಿದ್ದೀಯೇ! ಒಂದು ಸಲ ನನ್ನನ್ನು ನೋಡಿ ಅಮ್ಮಾ ಅಂದಿದ್ದರೆ ಸಾಕಿತ್ತು, ಕೈ ಹಿಡಿದು ಮನೆಗೆ ಕರೆತಂದುಬಿಡುತ್ತಿದ್ದೆ, ಹುಡುಗರಲ್ಲಿ ಒಬ್ಬನ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅದಕ್ಕೇ ಅಂಗಡಿಯೊಳಗೆ ಹೋಗಿ, ನೀನು ದಾಟಿಹೋಗುವವರೆಗೂ ಗೋಡೆಗೆ ಮುಖ ಮಾಡಿ ನಿಂತಿದ್ದೆ.