ಹಳೇ ವಾರ್ಡಿನ ಬಾಗಿಲು ತೆಗೆದ ದಿನ

ದೊಡ್ಡಾಸ್ಪತ್ರೆ, ಹಳೇ ವಾರ್ಡಿನ ಜಗಲಿ
ಹದಿನೇಳನೇ ತಾರೀಖು, ಶುಕ್ರವಾರ

ಪ್ರೀತಿಯ ಅಕ್ಕ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಕೇಳುವವಳಲ್ಲ ನೀನು, ಹತ್ತಿ ಇಳಿದ ಮೇಲೆ ಮನೆಯವರನ್ನೆಲ್ಲ ಬೈಯುವವಳು. ಭಾವನ ಹೊಟ್ಟೆ ಉಬ್ಬರ ಕಡಿಮೆಯಾಯಿತೇ? ಮಗಳು ಗಂಡನ ಮನೆಗೆ ಹೊಂದಿಕೊಂಡಳೇ? ಇಲ್ಲಿ ನಾನು ಕ್ಷೇಮ. ನಾನೇ ಹೇಳಿದರೆ ಯಾರು ನಂಬುತ್ತಾರೆ ಎಂದು ಡಾಕ್ಟರಮ್ಮನ ಕೈಯಲ್ಲಿ ಬರೆಸಿ, ಸಹಿ ಮಾಡಿಸಿ, ಸೀಲು ಒತ್ತಿಸಿಕೊಂಡಿದ್ದೇನೆ. ತಲೆ ಸರಿಯಾಗಿದೆ ಎಂದು ಸೀಲು ಒತ್ತಿಸಿಕೊಂಡವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಾರಾ, ಭಾವನನ್ನು ಒಂದು ಮಾತು ಕೇಳು.

ಹೋದ ತಿಂಗಳು ಆಸ್ಪತ್ರೆಯಿಂದ ನಿನಗೊಂದು ಪತ್ರ ಬಂದಿರಬೇಕು. ಹಳೇ ವಾರ್ಡು ಮುಚ್ಚುತ್ತೇವೆ, ನಿಮ್ಮ ತಮ್ಮನಿಗೆ ವಾಸಿಯಾಗಿ ಬಹಳ ಕಾಲವಾಯಿತು, ಬಂದು ಕರೆದುಕೊಂಡು ಹೋಗಿ ಅಂತ. ನೀನು ಉತ್ತರ ಬರೆದಿಲ್ಲ. ಬರೆಯಲು ಕೂತು, ಪೆನ್ನಿನ ತುದಿ ಕಚ್ಚಿ, ಒಲೆ ಮೇಲೆ ಹಾಲಿದೆ ಎಂದು ಎದ್ದು ಹೋಗಿರುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ. ಮಗಳ ಅತ್ತೆ ಮನೆಯವರಿಗೆ ನಿನ್ನ ತಮ್ಮ ದೂರದ ಊರಲ್ಲಿ ಸರ್ಕಾರಿ ಕೆಲಸದಲ್ಲಿದ್ದಾನೆ ಎಂದು ಹೇಳಿದ್ದೀಯಂತೆ. ಮಗಳೇ ನನಗೆ ಗುಟ್ಟಾಗಿ ಬರೆದಿದ್ದಳು. ಅದರಲ್ಲಿ ಸುಳ್ಳೇನಿದೆ ಹೇಳು. ಆಸ್ಪತ್ರೆ ಸರ್ಕಾರದ್ದು, ಬಣ್ಣದ ಡಬ್ಬಿ ಸರ್ಕಾರದ್ದು, ಬಳಿಯುವವನು ನಾನು. ಒಂದು ಬಡ್ತಿ ಸಿಕ್ಕಿಲ್ಲ ಅಷ್ಟೇ. ಈಗಲೇ ಎದೆ ಹಿಡಿದುಕೊಳ್ಳಬೇಡ, ಆ ವಿಷಯ ಆಮೇಲೆ. ಮೊದಲು ಇಲ್ಲಿನ ನೂರನೇ ವರ್ಷದ ಸಮಾರಂಭದ ಕಥೆ ಕೇಳು, ನಕ್ಕರೆ ಮಂಡಿನೋವು ಸ್ವಲ್ಪ ಮರೆಯುತ್ತದೆ.

ಆಸ್ಪತ್ರೆಯ ಚರಿತ್ರೆ ಬರೆಯಲು ಒಂದು ಸಮಿತಿ ಬಂದಿತ್ತು. ಗೋಡೆಯ ಒಂದು ಮೂಲೆಯನ್ನು ಪದರ ಪದರವಾಗಿ ಕೆರೆದು ತೋರಿಸು ಎಂದು ನನಗೆ ಹೇಳಿದರು. ಕೆರೆದೆ. ತೀರ ಕೆಳಗೆ ಸಿಕ್ಕಿದ್ದು ಸುಣ್ಣ, ಕುದುರೆಗಳ ಕಾಲದ್ದು. ಇದು ಮೊದಲು ದಂಡಿನ ಕುದುರೆ ಲಾಯವಂತೆ. ನಮ್ಮ ಕಿಟಕಿಗಳು ಯಾಕೆ ಅಷ್ಟು ಎತ್ತರದಲ್ಲಿವೆ ಎಂದು ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದೆ, ಕುದುರೆಯ ಕತ್ತಿನ ಅಳತೆಗೆ ಇಟ್ಟದ್ದು ಎಂದು ಈಗ ತಿಳಿಯಿತು. ಆಸ್ಪತ್ರೆಯಾದ ಮೇಲೆ ಬಂದ ಮೊದಲ ದೊಡ್ಡ ಡಾಕ್ಟರು ತಲೆಗೆ ತಣ್ಣೀರು ಸುರಿದರೆ ಹುಚ್ಚು ಇಳಿಯುತ್ತದೆ ಎಂದು ನಂಬಿದ್ದರಂತೆ. ಇಳಿದದ್ದು ನೀರು ಮಾತ್ರ. ಅವರ ನಂತರದವರು ಮೈ ಬಗ್ಗಿಸಿ ದುಡಿದರೆ ವಾಸಿಯಾಗುತ್ತದೆ ಎಂದು ರೋಗಿಗಳಿಂದಲೇ ಇಟ್ಟಿಗೆ ಸುಡಿಸಿ ಕಾಂಪೌಂಡು ಕಟ್ಟಿಸಿದರು. ತಾವು ಓಡಿಹೋಗದಂತೆ ತಾವೇ ಇಷ್ಟು ನಿಯತ್ತಾಗಿ ಕಟ್ಟಿಕೊಂಡ ಗೋಡೆ ಇನ್ನೆಲ್ಲಾದರೂ ಇದೆಯೋ ಇಲ್ಲವೋ. ಮೂರನೆಯವರಿಗೆ ಸಂಗೀತದ ಹುಚ್ಚು. ವಾರ್ಡಿಗೊಂದು ಬ್ಯಾಂಡು ಮಾಡಿಸಿದರು, ಎದುರು ಬೀದಿಯ ಜನ ಅರ್ಜಿ ಕೊಟ್ಟು ನಿಲ್ಲಿಸಿದರು. ಒಳಗಿನವರಿಗೆ ವಾಸಿಯಾಗುವ ಮೊದಲು ಹೊರಗಿನವರಿಗೆ ಹುಚ್ಚು ಹಿಡಿಯುವುದರಲ್ಲಿತ್ತಂತೆ.

ಆಮೇಲೆ ಬಂದವರು ಬಣ್ಣದ ಡಾಕ್ಟರು. ಅಳುವವರಿಗೆ ಹಳದಿ ಕೋಣೆ, ರೇಗುವವರಿಗೆ ನೀಲಿ ಕೋಣೆ. ನೀನು ನನ್ನನ್ನು ಇಲ್ಲಿ ಬಿಟ್ಟು, ಗೇಟಿನ ತನಕ ತಿರುಗಿ ತಿರುಗಿ ನೋಡುತ್ತಾ ಹೋದದ್ದು ಅವರ ಕಾಲದಲ್ಲೇ. ನನಗೆ ಹಳದಿ ಕೊಟ್ಟರು. ಒಂದು ವಾರ ಅತ್ತು ಸಾಕಾಗಿ, ಬಣ್ಣ ಎರಡನೇ ಕೈ ಹೊಡೆದಿಲ್ಲ, ತೇಪೆ ತೇಪೆ ಕಾಣುತ್ತಿದೆ ಎಂದು ದೂರು ಹೇಳಿದೆ. ನೋಡಿ, ಚಿಕಿತ್ಸೆ ಫಲಿಸಿತು ಎಂದು ಕುಣಿದಾಡಿ ನನ್ನ ಕೈಗೇ ಬ್ರಷ್ ಕೊಟ್ಟರು, ಅಂದಿನಿಂದ ಹಿಡಿದವನು ಇವತ್ತಿಗೂ ಬಿಟ್ಟಿಲ್ಲ. ಅವರ ನಂತರ ಗುಳಿಗೆಗಳು ಬಂದವು, ಬಣ್ಣವೆಲ್ಲ ಗೋಡೆಯಿಂದ ಇಳಿದು ಗುಳಿಗೆ ಸೇರಿಕೊಂಡಿತು. ನನಗೆ ನಿಜವಾಗಿ ವಾಸಿಯಾದದ್ದು ಅವುಗಳಿಂದಲೇ, ಸುಳ್ಳು ಯಾಕೆ ಹೇಳಲಿ. ಆದರೆ ಅಕ್ಕ, ಯಾವ ಡಾಕ್ಟರ ಕಾಲದಲ್ಲೂ ಹಳೇ ವಾರ್ಡಿನ ಬಾಗಿಲ ಬೀಗ ಮಾತ್ರ ಹೊರಗೇ ಇತ್ತು.

ಬೀಗ ತೆಗೆದು ಹಾಕುತ್ತಿದ್ದವನು ನಮ್ಮ ಚಾವಿಯಣ್ಣ. ಸೊಂಟದಲ್ಲಿ ಗೊಂಚಲು, ಬಾಯಲ್ಲಿ ಬೈಗುಳ, ಜೇಬಲ್ಲಿ ನಮಗೆಲ್ಲ ಹಂಚಲು ಪೆಪ್ಪರಮಿಂಟು. ದಿನಾ ಬೆಳಿಗ್ಗೆ ಬೀಗ ತಿರುಗಿಸಿ, "ಏಳ್ರಪ್ಪಾ, ಸೂರ್ಯ ನಿಮ್ಮಪ್ಪನ ಮನೆ ಆಳಲ್ಲ, ಕಾಯ್ತಾ ಕೂರಲ್ಲ" ಎಂದು ಕೂಗಿ ಬಾಗಿಲು ಎಳೆಯುತ್ತಿದ್ದ, ನಾವು ಸಾಲಾಗಿ ಹೊರಗೆ ಬರುತ್ತಿದ್ದೆವು. ಈಗ ಬಂದಿರುವ ದೊಡ್ಡ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಬೀಗ ಇಟ್ಟುಕೊಂಡು ಯಾರನ್ನು ವಾಸಿ ಮಾಡುತ್ತೀರಿ ಎನ್ನುವವರು. ಸಮಾರಂಭದ ದಿನ ಬೀಗವಿಲ್ಲದ ಬಾಗಿಲನ್ನು ನಾವೇ ಒಳಗಿನಿಂದ ತಳ್ಳಿ, ನಗುನಗುತ್ತಾ ಹೊರಗೆ ಬರಬೇಕು, ಎದುರಿಗೆ ಅಧಿಕಾರಿಗಳು, ಫೋಟೋದವರು. ಹಿಂದಿನ ದಿನ ಬೀಗ ಬಿಚ್ಚಿದವನು ನಾನೇ. ಸ್ಕ್ರೂ ತೆಗೆದು, ತೂತಿಗೆ ಪುಟ್ಟಿ ತುಂಬಿ, ಮೇಲೆ ಎರಡು ಕೈ ಬಣ್ಣ ಹೊಡೆದೆ. ಒಂದು ಸಲ ತಾಲೀಮು ಮಾಡೋಣವೇ ಎಂದು ನರ್ಸಮ್ಮ ಕೇಳಿದ್ದಕ್ಕೆ, "ಬಾಗಿಲು ತಳ್ಳೋಕೂ ತಾಲೀಮು ಬೇಕಾ?" ಎಂದು ಡಾಕ್ಟರಮ್ಮ ನಕ್ಕುಬಿಟ್ಟರು.

ಸರಿ, ನಾವೆಲ್ಲ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಳಗೆ ಸಾಲಾಗಿ ನಿಂತೆವು. ಹೊರಗೆ ಭಾಷಣ ಮುಗಿಯಿತು. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ನಾವು ನಿಂತೇ ಇದ್ದೆವು. ಇನ್ನೊಮ್ಮೆ ತಟ್ಟಿದರು. ಒಳಗಿದ್ದ ನಾವೂ ಮರ್ಯಾದೆಗೆ ಚಪ್ಪಾಳೆ ತಟ್ಟಿದೆವು. ಎಲ್ಲರಿಗಿಂತ ಮುಂದೆ ನಿಂತಿದ್ದವನು ಹಿಂದೆ ಬಸ್ ಕಂಡಕ್ಟರಾಗಿದ್ದವನು, ಅವನು ಕೈ ಅಡ್ಡ ಹಿಡಿದು, "ಗಾಡಿ ಪೂರ್ತಿ ನಿಲ್ಲಲಿ, ಆಮೇಲೆ ಇಳೀರಿ" ಎಂದ. ಹೊರಗಿನಿಂದ "ತಳ್ಳಿ, ತಳ್ಳಿ" ಎಂಬ ಕೂಗು ಕೇಳಿತು. ನನ್ನ ಪಕ್ಕದಲ್ಲಿದ್ದ ಹಳೇ ಸ್ಕೂಲ್ ಮೇಷ್ಟ್ರು, "ಅದು ನಮಗೆ ಹೇಳಿದ್ದಲ್ಲ, ಅಲ್ಲಿ ಯಾರದೋ ಕಾರು ಕೆಟ್ಟಿರಬೇಕು" ಎಂದರು. ನಗಬೇಡ, ಎಲ್ಲರಿಗಿಂತ ದೊಡ್ಡ ಪೆದ್ದ ನಾನು. ಬಾಗಿಲಿಗೆ ಬೀಗವಿಲ್ಲ ಎಂಬುದು ನನಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿಲ್ಲ, ಆ ಬಣ್ಣ ಇನ್ನೂ ನನ್ನ ಉಗುರಲ್ಲೇ ಇತ್ತು. ಆದರೂ ಕೈ ಮುಂದೆ ಹೋಗಲಿಲ್ಲ. ಬಾಗಿಲು ನಾವು ತೆಗೆಯುವ ವಸ್ತು ಎಂಬುದೇ ತಲೆಗೆ ಹತ್ತಲಿಲ್ಲ.

ಕೊನೆಗೆ ಎದ್ದು ಬಂದವನು ಚಾವಿಯಣ್ಣ. ಅವನ ಗೊಂಚಲನ್ನು ಕಿತ್ತುಕೊಂಡು, ಚರಿತ್ರೆಯ ವಸ್ತು ಎಂದು ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಪಾಪ, ಸೊಂಟ ಖಾಲಿಯಾಗಿ ಪಂಚೆ ನಿಲ್ಲುತ್ತಿಲ್ಲ ಎಂದು ಬೆಳಿಗ್ಗೆಯಿಂದ ಗೊಣಗುತ್ತಿದ್ದ. ಸೀದಾ ಬಾಗಿಲ ಹತ್ತಿರ ಬಂದು, ನಾನು ಪುಟ್ಟಿ ತುಂಬಿದ ಜಾಗಕ್ಕೇ ಬರಿಗೈ ಇಟ್ಟು ತಿರುಗಿಸಿ, ಬಾಯಲ್ಲೇ "ಕಟಕ್" ಎಂದ. ಆಮೇಲೆ "ಏಳ್ರಪ್ಪಾ" ಎಂದು ಶುರು ಮಾಡಿ, ಅಧಿಕಾರಿಗಳ ಮುಂದೆಯೇ ಸೂರ್ಯ, ಅಪ್ಪನ ಮನೆ ಆಳಿನ ವಿಚಾರವನ್ನೂ ಬಿಡದೆ ಹೇಳಿ ಬಾಗಿಲು ಎಳೆದ. ನಾವು ಬುಳುಬುಳು ಹೊರಗೆ ಬಂದೆವು. ಪೇಪರಿನಲ್ಲಿ ಬಂದ ಫೋಟೋದಲ್ಲಿ ಕಾಣುವುದು ಚಾವಿಯಣ್ಣನ ಬೆನ್ನು, ಕಂಡಕ್ಟರನ ಕೈ, ಎರಡೇ. ಡಾಕ್ಟರಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು, ಆಮೇಲೆ ನಗು ನಿಂತರೂ ಒರೆಸಿಕೊಳ್ಳುತ್ತಲೇ ಇದ್ದರು. ನಾನೂ ನಕ್ಕೆ. ಊಟಕ್ಕೆ ಕೂತಾಗ ಮಾತ್ರ ತಟ್ಟೆ ಬಿಟ್ಟು ಉಗುರಿನ ಬಣ್ಣವನ್ನೇ ಕೆರೆಯುತ್ತಿದ್ದೆ.

ಮಾರನೇ ದಿನದಿಂದ ನಮಗೆ ಬಾಗಿಲು ತಳ್ಳುವ ಪಾಠ. ಮೇಷ್ಟ್ರು ಬೇಗ ಕಲಿತರು, ಅಣ್ಣನ ಮಗ ಬಂದು ಕರೆದುಕೊಂಡು ಹೋದ. ಕಂಡಕ್ಟರ್ ಊರಾಚೆಯ ಆಶ್ರಮಕ್ಕೆ ಹೋಗುತ್ತಾನೆ, ಅಲ್ಲಿ ವ್ಯಾನಿದೆ ಎಂದು ಕೇಳಿಯೇ ಒಪ್ಪಿದ್ದು. ಉಳಿದವನು ನಾನೊಬ್ಬ. ಭಾವನಿಗೆ ನಮಸ್ಕಾರ ಹೇಳು, ಹೊಟ್ಟೆಗೆ ಬಿಸಿನೀರು ಕುಡಿಯಲಿ. ಮಗಳಿಗೆ ಈ ಸೋದರಮಾವನ ಆಶೀರ್ವಾದ. ನಿನ್ನ ಕಾಲಿಗೆ ಇಲ್ಲಿಂದಲೇ ಬೀಳುತ್ತೇನೆ, ನೋಯುವ ಮಂಡಿಯನ್ನು ಬಿಟ್ಟು ಮಿಕ್ಕ ಭಾಗಕ್ಕೆ.

ತಲೆ ಪೂರ್ತಿ ನರೆತ
ನಿನ್ನ ಪುಟ್ಟ

ತಾ.ಕ.: ಅಂಚೆಯವನು ಗೇಟಿನಲ್ಲಿ ಬೆಲ್ ಮಾಡುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಇಲ್ಲಿಂದ ಬಿಡುಗಡೆಯಾಗಲು ನಿನ್ನ ಸಹಿ ಬೇಕಾಗಿಲ್ಲವಂತೆ, ನನ್ನದೇ ಸಾಕಂತೆ. ನಿನ್ನೆ ಹಾಕಿದೆ. ಚಾವಿಯಣ್ಣ ಈ ತಿಂಗಳು ರಿಟೈರ್ ಆಗುತ್ತಾನೆ, ಅವನಿಗೂ ಹಿಂದೆ ಮುಂದೆ ಯಾರಿಲ್ಲ. ದರ್ಜಿ ಅಂಗಡಿ ಹಿಂದೆ ಒಂದು ಕೋಣೆ, ಅಡುಗೆಮನೆ ಹಿಡಿದಿದ್ದಾನೆ. "ನಿಂಗೆ ಬಾಗಿಲು ತೆಗೆಯೋಕೆ ಬರಲ್ಲ, ನಂಗೆ ಹಾಕದೇ ಇರೋಕೆ ಬರಲ್ಲ, ಒಟ್ಟಿಗಿದ್ರೆ ಹೆಂಗೋ ನಡೆಯುತ್ತೆ ಬಾ" ಎಂದ. ಒಂದನೇ ತಾರೀಖು ಹೋಗುತ್ತೇವೆ. ನಾನು ನಿಮ್ಮ ಮನೆಗೆ ಬರುವುದಿಲ್ಲ ಅಕ್ಕ, ಇನ್ನು ನೀನು ಹೆದರಬೇಕಾಗಿಲ್ಲ, ಉಸಿರು ಬಿಡು. ಆದರೆ ನೀನು ಒಂದು ಸಲ ಬಾ. ಇಷ್ಟು ದಿನ ಬರಬೇಕಾಗಿದ್ದದ್ದು ಆಸ್ಪತ್ರೆಗೆ, ನಿನಗೆ ಆಗುತ್ತಿರಲಿಲ್ಲ, ನಾನು ತಪ್ಪು ತಿಳಿದಿಲ್ಲ. ಈಗ ಬರುವುದು ತಮ್ಮನ ಮನೆಗೆ. ಮಗಳ ಅತ್ತೆ ಮನೆಯವರು ಎಲ್ಲಿಗೆ ಎಂದು ಕೇಳಿದರೆ ಜೋರಾಗಿಯೇ ಹೇಳಿ ಹೊರಡಬಹುದು. ಮೆಟ್ಟಿಲಿಲ್ಲದ ಮನೆ, ನಿನ್ನ ಮಂಡಿ ನೋಡಿಯೇ ಒಪ್ಪಿಕೊಂಡೆ.