ವೂ ಅಜ್ಜನ ಕಿಟ್ಲಿ ತೊಳೆದದ್ದು

ಎವರ್‌ಗ್ರೀನ್, ಸ್ಯಾನ್ ಹೋಸೆ
೧೦ ನವೆಂಬರ್ ೨೦೨೪, ಭಾನುವಾರ

ನನ್ನವ್ವ ನಿವೇದಿತಾ,

ಸಂಜೆ ನಾಲ್ಕೂವರೆ ಆಗಿದೆ. ಬೆಳಿಗ್ಗೆ ನಿನ್ನ ತಮ್ಮ ಕಿರಣ, ಅವನ ಹೆಂಡತಿ ವಸುಧಾ ಇಬ್ಬರೂ ಲಿವರ್‌ಮೋರ್ ಗುಡಿಗೆ ಹೋದರು. ನಾನು ಮೊಣಕಾಲು ನೋವು ಎಂದು ಉಳಿದೆ. ನೋವೇನೂ ಇರಲಿಲ್ಲ. ಹನ್ನೊಂದಕ್ಕೆ ಮೇ ಬರುವವಳಿದ್ದಳು, ಅವಳ ಎದುರು ಒಂದು ತಪ್ಪು ಒಪ್ಪಿಕೊಳ್ಳಬೇಕಿತ್ತು. ನನ್ನ ಮಾತು ಇಂಗ್ಲಿಷಿನಲ್ಲಿ ಹೇಳಲು ಕಿರಣನ ಮಗಳು ನಿಸರ್ಗಾಳನ್ನು ಮಾತ್ರ ಉಳಿಸಿಕೊಂಡೆ.

ಮೇ ಅಂದರೆ ಪಕ್ಕದ ಮನೆಯ ವೂ ಅಜ್ಜನ ಮಗಳು, ಸ್ಯಾನ್ ಮಟಿಯೋದಲ್ಲಿ ಇರುತ್ತಾಳೆ. ಅಜ್ಜ ತೀರಿಕೊಂಡ ಸುದ್ದಿ ಫೋನಿನಲ್ಲಿ ಹೇಳಿದ್ದೆನಲ್ಲ. ಅವರು ಚೀನಾದ ಯಿಶಿಂಗ್ ಎಂಬ ಊರಿನವರು. ಮಣ್ಣಿನ ಚಹಾ ಕಿಟ್ಲಿ ಮಾಡುವುದರಲ್ಲಿ ಅಲ್ಲಿ ದೊಡ್ಡ ಹೆಸರಂತೆ. ಇಲ್ಲಿಯೂ ಗರಾಜಿನಲ್ಲಿ ಕೂತು, ಕುಂಬಾರರ ತಿಗರಿ ಇಲ್ಲದೆ, ಕಟ್ಟಿಗೆಯ ಬಡಿಗೆಯಿಂದ ಮಣ್ಣನ್ನು ತೆಳ್ಳಗೆ ಬಡಿಯುತ್ತಿದ್ದರು. ದೂರದಿಂದ ಕೇಳಿದರೆ ಯಾರೋ ಜೋಳದ ರೊಟ್ಟಿ ಬಡಿದ ಹಾಗೆ. ನಿನ್ನ ಅಪ್ಪಾಜಿ ಹೋದ ಮೇಲೆ ಮಧ್ಯಾಹ್ನವೆಲ್ಲ ಆ ಸಪ್ಪಳದ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಅವರ ಮಾತು ನನಗೆ ತಿಳಿಯದು, ನನ್ನದು ಅವರಿಗೆ ತಿಳಿಯದು. ಶುಂಠಿ ಚಹಾ ಕೊಟ್ಟರೆ ಮುಖ ಕಿವುಚಿ, ಲೋಟ ಖಾಲಿ ಮಾಡಿಯೇ ಕೊಡುತ್ತಿದ್ದರು. ಅವರ ಹಾಲಿಲ್ಲದ ಚಹಾವನ್ನು ನಾನೂ ಹಾಗೆಯೇ ಕುಡಿಯುತ್ತಿದ್ದೆ.

ಮುಚ್ಚಳದ ತೂತಿಗೆ ಬೆರಳಿಟ್ಟರೆ ಕಿಟ್ಲಿಯ ಮೂತಿಯಿಂದ ಚಹಾ ಬೀಳುವುದು ಪೂರ್ತಿ ನಿಲ್ಲಬೇಕು. ನಿಲ್ಲದಿದ್ದರೆ ಅವರು ಅದನ್ನು ಒಡೆದೇ ಬಿಡುತ್ತಿದ್ದರು. ಒಂದನ್ನು ಮಾತ್ರ ಒಡೆದಿರಲಿಲ್ಲ. ಮೇ ಹುಟ್ಟಿದ ವರ್ಷ ಮಾಡಿದ್ದು. ಬೆರಳಿಟ್ಟ ಮೇಲೂ ಎರಡು ಹನಿ ಬೀಳುತ್ತಿದ್ದವು. ಮೂವತ್ತಾರು ವರ್ಷ ಅದರಲ್ಲೇ ಚಹಾ ಕುಡಿದರು.

ಅಜ್ಜನನ್ನು ಮಣ್ಣು ಮಾಡಿ ಬಂದ ದಿನ ಮೇ ಆ ಕಿಟ್ಲಿಯನ್ನು ನನ್ನ ಕೈಗೆ ಕೊಟ್ಟಳು. ಆಫೀಸಿನ ಕೆಲಸಕ್ಕೆ ಆರು ವಾರ ಬೇರೆ ಊರಿಗೆ ಹೊರಟಿದ್ದಳು. ದಿನಾ ಇದರಲ್ಲಿ ಚಹಾ ಮಾಡಿ ಕುಡಿಯಿರಿ, ಒಣಗಲು ಬಿಡಬೇಡಿ ಎಂದಳು.

ಹನ್ನೊಂದನೆಯ ದಿನ ನಾನು ಅದನ್ನು ತೊಳೆದೆ. ಸಾವಾದ ಮನೆಯಲ್ಲಿ ನಮ್ಮವ್ವ ಮಣ್ಣಿನ ಗಡಿಗೆಗಳನ್ನು ಹೊರಗೆ ಹಾಕಿ ಉಳಿದ ಪಾತ್ರೆ ಬೆಳಗುತ್ತಿದ್ದದ್ದು ನೀನೂ ನೋಡಿದ್ದೀ. ವೂ ಅಜ್ಜನಿಗೆ ಅಷ್ಟು ಮಾಡುವವರೂ ಇಲ್ಲವಲ್ಲ ಅನಿಸಿತು. ಹೊರಗೆ ಹಾಕಲು ಮನಸ್ಸಾಗಲಿಲ್ಲ. ಸೋಪು ಹಚ್ಚಿ, ತಂತಿಯ ಉಂಡೆಯಿಂದ ಒಳಗೆಲ್ಲ ತಿಕ್ಕಿದೆ. ಕಂದು ನೀರು ಹೋಗುತ್ತಲೇ ಇತ್ತು. ಎಷ್ಟು ಕೊಳೆ ಬಿಟ್ಟಿತು ಎಂದು ಸಮಾಧಾನಪಟ್ಟೆ.

ಎರಡು ದಿನದ ಮೇಲೆ ನಿಸರ್ಗಾ ಫೋನಿನಲ್ಲಿ ಓದಿ ಹೇಳಿದಳು. ಇಂಥ ಕಿಟ್ಲಿಗೆ ಎಂದೂ ಸೋಪು ಮುಟ್ಟಿಸಬಾರದಂತೆ. ಮಾಡಿದ ಚಹಾವೆಲ್ಲ ಮಣ್ಣಿನೊಳಗೆ ಇಳಿದು, ಕೊನೆಗೆ ಬರೀ ಬಿಸಿನೀರು ಹಾಕಿದರೂ ಚಹಾದ ವಾಸನೆ ಬರುತ್ತದಂತೆ. ನಾನು ಹಾಕಿ ನೋಡಿದೆ. ನಿಂಬೆ ಸೋಪಿನ ವಾಸನೆ ಬಂತು. ದಿನಾ ಬರೆಯುವ ನನ್ನ ವಹಿಯಲ್ಲಿ ಆವತ್ತು "ಬಿಸಿಲು ಚೆನ್ನಾಗಿತ್ತು" ಎಂದಷ್ಟೇ ಇದೆ.

ಆಮೇಲೆ ಒಂದು ತಿಂಗಳು ದಿನಕ್ಕೆ ಐದು ಸಲ ಆ ಒಗರು ಚಹಾ ಕುಡಿದೆ. ಸೋಪಿನ ವಾಸನೆ ಹೋಯಿತು. ಅಜ್ಜನದು ಬರಲಿಲ್ಲ.

ಇವತ್ತು ಮೇ ಕೂತವಳೇ ಮುಚ್ಚಳ ತೆಗೆದು ಕಿಟ್ಲಿಯನ್ನು ಮೂಸಿದಳು. ಏನು ಹುಡುಕುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಾನೂ ಹಾಗೆ ಹುಡುಕುವವಳೇ.

"ಹೇಳವಾ, ನಾನ ತಿಕ್ಕಿ ತೊಳದೀನಿ ಅಂತ ಹೇಳು," ಎಂದೆ ನಿಸರ್ಗಾಗೆ.

"ಅಜ್ಜಿ, ಸೋಪು ಅನ್ನೋದು ಬೇಡ. ಜಸ್ಟ್ ವಾಟರ್ ಅಂತೀನಿ."

"ಸೋಪು ಅಂತನ ಹೇಳು. ತಂತೀನೂ ಹೇಳು."

ಮೇ ಅತ್ತಳು. ಯಾಕೆ ತೊಳೆದಿರಿ ಎಂದು ಕೇಳಿದಳು. ಹನ್ನೊಂದನೆಯ ದಿನದ ವಿಷಯ ಹೇಳಲು ನಿಸರ್ಗಾ ತಿಣುಕಾಡಿದಳು. ನಮ್ಮ ಮನೆಯವರಿಗೆ ಮಾಡುವುದನ್ನು ಅಜ್ಜನಿಗೂ ಮಾಡಿದೆ ಎಂದು ತಿಳಿದಾಗ ಮೇ ನನ್ನತ್ತ ತಿರುಗಿದಳು. ಪರವಾಗಿಲ್ಲ ಎನ್ನಲಿಲ್ಲ. ಅಂದಿದ್ದರೂ ನಾನು ನಂಬುತ್ತಿರಲಿಲ್ಲ. ಎದ್ದು ತಾನೇ ನೀರು ಕಾಸಿದಳು, ಚಹಾ ಹಾಕಿದಳು. ಬಗ್ಗಿಸುತ್ತಾ ಮುಚ್ಚಳದ ತೂತಿಗೆ ಬೆರಳಿಟ್ಟಳು. ಚಹಾ ನಿಂತಿತು. ಆಮೇಲೆ ಎರಡು ಹನಿ ಬಿದ್ದವು.

ನಾನು ಅಷ್ಟು ತಿಕ್ಕಿದರೂ ಅವು ಹೋಗಿರಲಿಲ್ಲ. ಮೇ ಮೇಜಿನ ಮೇಲಿನ ಆ ಹನಿಗಳನ್ನು ನೋಡಿ, ಅಳುತ್ತಲೇ ನಕ್ಕಳು.

ಹೋಗುವಾಗ ಮೈಮೇಲಿನ ಸ್ವೆಟರ್ ತೆಗೆದು ಅದರಲ್ಲಿ ಕಿಟ್ಲಿ ಸುತ್ತಿಕೊಂಡಳು. ನನ್ನ ಶುಂಠಿ ಚಹಾದ ಬಗ್ಗೆ, ಪಕ್ಕದ ಮನೆಯ ಅಮ್ಮ ದಿನಾ ಔಷಧಿ ಕುಡಿಸುತ್ತಾರೆ ಎಂದು ಅಪ್ಪ ಹೇಳುತ್ತಿದ್ದರಂತೆ. ಮುಂದಿನ ಭಾನುವಾರ ಬರುತ್ತೇನೆ, ಆ ಔಷಧಿ ನನಗೂ ಕೊಡಿ ಎಂದಳು.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು.

ನಿನ್ನ ಅವ್ವ,
ಬಂಗಾರೆವ್ವ

ತಾ.ಕ.: ನಿನ್ನ ಅಪ್ಪಾಜಿಯ ಕಂದು ಸ್ವೆಟರ್ ನೀನು ಕೇಳಿದಾಗ ಯಾರಿಗೋ ಕೊಟ್ಟೆ ಎಂದಿದ್ದೆ. ಕೊಟ್ಟಿರಲಿಲ್ಲ. ಮೂರು ವರ್ಷದಿಂದ ನನ್ನ ಸೂಟ್‌ಕೇಸಿನ ತಳದಲ್ಲಿದೆ, ಒಗೆದಿಲ್ಲ. ಈ ಪತ್ರದ ಜೊತೆಗಿರುವ ಚೀಲದಲ್ಲಿ ಅದನ್ನು ಬಿಗಿಯಾಗಿ ಕಟ್ಟಿದ್ದೇನೆ. ಸೋಪು ಮುಟ್ಟಿಸಬೇಡ. ಕಿರಣನ ಆಫೀಸಿನ ನಾಗರಾಜು ಹುಬ್ಬಳ್ಳಿಗೆ ತರುತ್ತಾನೆ. ಅವನ ವಿಮಾನ ನಾಳೆ ಮಧ್ಯಾಹ್ನ ಎರಡು ಗಂಟೆಗೆ.